ಓದಿದ್ದು, ಓದುತ್ತಿರುವುದು, ಮುಂದೆ ಓದುವುದು

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿಯುವ ಬೈಂಡರನ ಮಾನ ಹೋದದ್ದು ಒಂದು ಸಣ್ಣ ಸುಳ್ಳಿನಿಂದ. ಓದುಗರ ಕೂಟ ನಡೆಸುವ ನಿವೃತ್ತ ಹೆಡ್‌ಮಿಸ್ಸು ಒಂದು ದಿನ ಬಾಗಿಲಲ್ಲಿ ನಿಂತು, "ಏನಪ್ಪಾ, ಯಾವ ಪುಸ್ತಕ ಓದಿ ಮುಗಿಸಿದೆ? ಈಗ ಯಾವುದು ಓದ್ತಿದ್ದೀಯ? ಮುಂದೆ ಯಾವುದು?" ಎಂದು ಕೇಳಿದ್ದರು. ಅಷ್ಟು ಪುಸ್ತಕಗಳ ನಡುವೆ ಕೂತು 'ಯಾವುದೂ ಇಲ್ಲ' ಎನ್ನಲು ಅವನಿಗೆ ನಾಚಿಕೆಯಾಯಿತು. ನಿನ್ನೆ ಹೊಲಿದದ್ದು, ಈಗ ಒತ್ತುಹಲಗೆಯಡಿ ಒಣಗುತ್ತಿದ್ದದ್ದು, ಮೂಲೆಯಲ್ಲಿ ಹರಿದು ಬಿದ್ದದ್ದು, ಹೀಗೆ ಮೂರರ ಹೆಸರನ್ನೂ ಗಂಭೀರವಾಗಿ ಹೇಳಿಬಿಟ್ಟ.

ಅಂದಿನಿಂದ ವಾರವಾರವೂ ಅದೇ ಪ್ರಶ್ನೆ, ಅದೇ ಉಪಾಯ. ಸಕ್ಕರೆ ಮೂಟೆ ಹೊರುವ ಕತ್ತೆಗೆ ಸಿಹಿ ಗೊತ್ತಿಲ್ಲದಿದ್ದರೂ ನೋಡುವವರಿಗೆ ಮೂಟೆ ಕಾಣುತ್ತದಲ್ಲ! ಆರು ತಿಂಗಳಲ್ಲಿ ಅವನು ದೊಡ್ಡ ಓದುಗನಾಗಿದ್ದ. "ನಮ್ಮನೆಯವರು ವಾರಕ್ಕೆ ನಾಲ್ಕು ಓದ್ತಾರೆ" ಎಂದು ಹೆಂಡತಿ ಬೀದಿಗೆಲ್ಲ ಡಂಗುರ ಹೊಡೆದಿದ್ದಳು.

ಇವತ್ತು ಸಂಜೆ ಕೂಟದಲ್ಲಿ ಅವನದೇ ಭಾಷಣ. ವಿಷಯ, ಅವನು ಮೊಟ್ಟಮೊದಲು 'ಮುಗಿಸಿದ' ನೀಲಿ ರಟ್ಟಿನ ದಪ್ಪ ಕಾದಂಬರಿ.

"ನಾನೂ ಬರ್ತೀನಿ. ಪಕ್ಕದ ಮನೆಯವರನ್ನೂ ಕರೆದಿದ್ದೀನಿ" ಎಂದು ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತಾ ಹೆಂಡತಿ ಹೇಳಿದಾಗ ಅವನು ಅರ್ಧ ತಿಂದ ತಿಂಡಿ ಬಿಟ್ಟು ಎದ್ದ.

ಮಧ್ಯಾಹ್ನ ಲೈಬ್ರರಿಯನ್ ಮುಂದೆ ಹೋಗಿ ತಲೆ ಕೆರೆದುಕೊಂಡ. "ಸಾರ್, ಆ ನೀಲಿ ಪುಸ್ತಕದ ಕತೆ ನಿಮ್ಮ ಪ್ರಕಾರ ಏನು ಸಾರ್?"

"ಕತೆಯೇನು ಬಂತು, ಒಬ್ಬಳು ಹೆಂಗಸು, ಅವಳ ಕಷ್ಟ. ಅಲ್ಲಯ್ಯಾ, ಕೂಟದ ಹನ್ನೆರಡೂ ಜನ ಓದಿದ್ದೀವಿ ಅಂತ ರಿಜಿಸ್ಟರಿನಲ್ಲಿ ಸಹಿ ಹಾಕಿದ್ದಾರೆ. ಅವರನ್ನ ಕೇಳು!" ಎಂದು ಲೈಬ್ರರಿಯನ್ ಗಡಿಬಿಡಿಯಿಂದ ಎದ್ದು ಕಪಾಟಿನ ಧೂಳು ಒರೆಸತೊಡಗಿದರು.

ನಾನೂರು ಪುಟ ಓದಲು ಹೊತ್ತೆಲ್ಲಿದೆ? ಅವನು ಕೊನೆಯ ಪುಟವೊಂದನ್ನೇ ತೆರೆದ. 'ಹಾಲು ಕರೆಯುವ ಮುನ್ನ ಆಡಿನ ಕೆಚ್ಚಲನ್ನು ಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು' ಎಂದಿತ್ತು. ಸರಿ, ಹೆಂಗಸು ಕೊನೆಗೆ ಆಡು ಸಾಕಿಕೊಂಡು ನೆಮ್ಮದಿಯಾದಳು ಎಂದುಕೊಂಡ. ಬದುಕಿನಲ್ಲಿ ಇದಕ್ಕಿಂತ ದೊಡ್ಡ ನೆಮ್ಮದಿ ಅವನಿಗೂ ತೋಚಲಿಲ್ಲ.

ಸಂಜೆ ಅದನ್ನೇ ಎಳೆದು ಎಳೆದು ಹೇಳಿದ. "ಎಷ್ಟೆಲ್ಲ ಕಷ್ಟಪಟ್ಟವಳು, ಕೊನೆಗೆ ಒಂದು ಮೂಕಪ್ರಾಣಿಗೆ ನೀರು ಬೆಚ್ಚಗಿದೆಯೋ ಇಲ್ಲವೋ ಅಂತ ನೋಡ್ತಾಳಲ್ಲ, ಅಲ್ಲಿ ನಂಗೆ ತಡೆಯೋಕಾಗ್ಲಿಲ್ಲ!"

"ನಂಗೂ ಅಲ್ಲೇ ಕಣ್ಣೀರು ಬಂತು" ಎಂದರು ಔಷಧಿ ಅಂಗಡಿಯವರು.

"ಆಡಿನ ಪಾತ್ರ ತುಂಬಾ ಆಳವಾಗಿದೆ" ಎಂದರು ವಕೀಲರು. ಮೂರನೇ ಸಾಲಿನಲ್ಲಿ ಹೆಂಡತಿ ಪಕ್ಕದ ಮನೆಯವರನ್ನು ಮೊಣಕೈಯಿಂದ ತಿವಿದಳು.

ಹೆಡ್‌ಮಿಸ್ಸು ಮಾತ್ರ ಕನ್ನಡಕ ಏರಿಸಿದರು. "ನಾನು ಇದನ್ನ ಮೂವತ್ತು ವರ್ಷದ ಹಿಂದೆ ಓದಿದ್ದೆ. ಆಗ ಅವಳ ಹತ್ತಿರ ಒಂದು ಕೋಳೀನೂ ಇರ್ಲಿಲ್ಲ. ಕೊಡಪ್ಪಾ ಇಲ್ಲಿ." ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು: "ಅಧ್ಯಾಯ ಹನ್ನೊಂದು. ಆಡುಗಳ ಹೊಟ್ಟೆಹುಳುವಿಗೆ ಔಷಧೋಪಚಾರ."

ಬೈಂಡರನಿಗೆ ನೆಲ ಬಿರಿಯಬಾರದೇ ಎನ್ನಿಸಿತು. ಆರು ತಿಂಗಳ ಹಿಂದೆ ಎರಡು ಪುಸ್ತಕಗಳ ಕೊನೆಯ ಹಾಳೆಗಳು ಕಳಚಿ ಒಂದೇ ಮೇಜಿನ ಮೇಲಿದ್ದವು. ಹೊಲಿಯುವಾಗ ಅವನು ಅಳತೆ ನೋಡಿದ್ದ, ಅಕ್ಷರ ನೋಡಿರಲಿಲ್ಲ.

"ನಾನು ಓದಿಲ್ಲ ಮೇಡಂ" ಎಂದ. ಧ್ವನಿ ಅವನಿಗೇ ಕೇಳಿಸಲಿಲ್ಲ. "ಇದೂ ಓದಿಲ್ಲ, ಯಾವುದೂ ಓದಿಲ್ಲ. ಬರೀ ಹೊಲಿದಿದ್ದೀನಿ." ಹೆಂಡತಿಯ ಕಡೆ ನೋಡುವ ಧೈರ್ಯವಾಗದೆ, ಉಗುರಿಗೆ ಅಂಟಿದ್ದ ಒಣಗಿದ ಅಂಟನ್ನು ಕೆರೆಯುತ್ತಾ ನಿಂತ.

"ಮತ್ತೆ ಸಹಿ ಹಾಕಿದ ನೀವೆಲ್ಲ?" ಹೆಡ್‌ಮಿಸ್ಸು ಸಭೆಯತ್ತ ತಿರುಗಿದರು. ಔಷಧಿ ಅಂಗಡಿಯವರಿಗೆ ತಟ್ಟನೆ ಕೆಮ್ಮು ಬಂತು. ವಕೀಲರು ತಮ್ಮ ಚಪ್ಪಲಿಯನ್ನು ಮೊದಲ ಸಲ ನೋಡುವವರಂತೆ ನೋಡತೊಡಗಿದರು.

ಅಷ್ಟರಲ್ಲಿ ದನದ ಡಾಕ್ಟರು ಕೈಯಲ್ಲಿ ಆಡು ಸಾಕಣೆಯ ಪುಸ್ತಕ ಹಿಡಿದು ಏದುಸಿರು ಬಿಡುತ್ತಾ ಒಳಗೆ ಬಂದರು. "ಇಲ್ಲಿ ಬೈಂಡರ್ ಯಾರು? ಎಲ್ಲಾ ಓದಿರೋರು ಅಂತಾರಲ್ಲ! ಹೊಟ್ಟೆಹುಳುವಿನ ಔಷಧಿ ಹುಡುಕ್ತಾ ಹೋದ್ರೆ ಒಬ್ಬಳು ಹೆಂಗಸು ಕೈಯಲ್ಲಿ ಕಾಗದ ಹಿಡ್ಕೊಂಡು ಮನೆ ಬಿಟ್ಟು ಹೋಗ್ತಾಳೆ ಮಾರಾಯ್ರೇ! ಮೂರು ಸಲ ಓದ್ದೆ, ನಿದ್ದೆ ಬರ್ತಿಲ್ಲ. ಆ ಕಾಗದ ಬರೆದೋರು ಯಾರು? ಮೊದಲಿಂದ ಹೇಳಿ."

ಹೆಡ್‌ಮಿಸ್ಸನ್ನು ಬಿಟ್ಟರೆ ಆ ಕಾದಂಬರಿಯ ಕೊನೆಯನ್ನು ಊರಿನಲ್ಲಿ ಮನಸ್ಸಿಟ್ಟು ಓದಿದ್ದು ಇವರೊಬ್ಬರೇ, ಅದೂ ಆಡಿನ ಕಾಯಿಲೆಗೆ ಮದ್ದು ಹುಡುಕುತ್ತಾ!

ಕತೆ ಗೊತ್ತಿದ್ದ ಹೆಡ್‌ಮಿಸ್ಸು ಅದನ್ನು ಹೇಳದೆ ಬೈಂಡರನತ್ತ ಬೆರಳು ತೋರಿಸಿದರು. "ನಾಳೆಯಿಂದ ದಿನಾ ಸಂಜೆ ಇವನೇ ಓದಿ ಹೇಳ್ತಾನೆ ಡಾಕ್ಟರೇ. ಸಹಿ ಹಾಕಿದೋರೆಲ್ಲ ಕೂತು ಕೇಳ್ತಾರೆ. ಮುಗಿದ ಮೇಲೆ ಎರಡೂ ಪುಸ್ತಕ ಬಿಚ್ಚಿ ಸರಿಯಾಗಿ ಹೊಲೀಲಿ."

"ನಾಳೆ ಯಾಕೆ? ಇವತ್ತೇ ಶುರು ಮಾಡ್ಲಿ" ಎಂದು ಮೂರನೇ ಸಾಲಿನಿಂದ ಹೆಂಡತಿಯ ದನಿ ಬಂತು. ಇಸ್ತ್ರಿಪೆಟ್ಟಿಗೆಗಿಂತ ಬಿಸಿಯಾಗಿತ್ತು.

ಬೈಂಡರ್ ಕುರ್ಚಿ ಎಳೆದುಕೊಂಡು ನೀಲಿ ರಟ್ಟು ತೆರೆದ. ಹೆಡ್‌ಮಿಸ್ಸು ಎಂದಿನಂತೆ ಕೇಳಿದರು: "ಏನಪ್ಪಾ, ಓದಿ ಮುಗಿಸಿದ್ದು ಯಾವುದು?"

"ಯಾವುದೂ ಇಲ್ಲ ಮೇಡಂ."

"ಈಗ ಓದ್ತಿರೋದು?"

"ಒಂದನೇ ಪುಟ."

"ಮುಂದೆ?"

ಅವನು ತಲೆ ತಗ್ಗಿಸಿಯೇ ಹೇಳಿದ: "ಎರಡನೇ ಪುಟ ಮೇಡಂ."