ಎಲ್ಲರೂ ನಾಯಕರು, ಒಬ್ಬ ಮೇಷ್ಟ್ರು

ಎಲ್ಲ ಎಡವಟ್ಟಿಗೂ ಕಾರಣ ಒಂದು ಬ್ಯಾಡ್ಜು. ಮೂರನೇ ತರಗತಿಯ ಲೀಡರ್ ಬ್ಯಾಡ್ಜನ್ನು ಟೈಲರ್ ಮಗನಿಗೆ ಕೊಟ್ಟಿದ್ದಾರೆಂದು ಹಲ್ಲಿನ ಡಾಕ್ಟರು ಶಾಲೆಗೆ ಬಂದು ಕೂಗಾಡಿದರು.

"ನನ್ನ ಮಗಳಲ್ಲಿ ನಾಯಕತ್ವ ಕಾಣ್ಸಲ್ವಾ ನಿಮಗೆ? ಮನೇಲಿ ನಮ್ಮನ್ನೆಲ್ಲ ಅವಳೇ ಆಳ್ತಾಳೆ!"

ಅವರ ಬೆನ್ನಿಗೇ ಇನ್ನಷ್ಟು ಅಪ್ಪ ಅಮ್ಮಂದಿರು ಬಂದರು. ಹೆಡ್ ಮಿಸ್ಸಿಗೆ ತಲೆ ಕೆಟ್ಟುಹೋಯಿತು. ಡ್ರಾಯಿಂಗ್ ಮೇಷ್ಟ್ರನ್ನು ಹಿಡಿದು ನಿಲ್ಲಿಸಿದರು.

"ಎಲ್ಲ ಮಕ್ಕಳನ್ನೂ ನಾಯಕರನ್ನಾಗಿ ಮಾಡಿಬಿಡಿ ಮೇಷ್ಟ್ರೇ. ನಾಯಕತ್ವ ಹೇಗೆ ಬೆಳೆಸ್ತಿದೀವಿ ಅಂತ ನೋಡೋಕೆ ಸಂಜೆ ಇಲಾಖೆ ಆಫೀಸಿಂದ ದೊಡ್ಡ ಸಾಹೇಬ್ರು ಬರ್ತಾರೆ. ನಿಮ್ಮ ಕೆಲಸ ಕಾಯಂ ಮಾಡೋದೂ ಅವರೇ, ನೆನಪಿರಲಿ."

ನೆನಪಿಲ್ಲದೆ ಏನು! ಮೇಷ್ಟ್ರು ಎಷ್ಟೋ ವರ್ಷಗಳಿಂದ ತಾತ್ಕಾಲಿಕ. ಸ್ಟಾಫ್ ರೂಮಿನಲ್ಲಿ ಅವರಿಗೆ ಕುರ್ಚಿಯೂ ಇರಲಿಲ್ಲ. ಯಾರಾದರೂ ರಜೆ ಹಾಕಿದ ದಿನ ಕೂರುತ್ತಿದ್ದರು. ಅತ್ತೆಯಂತೂ ಬಂದವರಿಗೆಲ್ಲ "ಇವರು ನಮ್ಮ ಅಳಿಯ, ಸದ್ಯಕ್ಕೆ" ಎಂದೇ ಪರಿಚಯ ಮಾಡಿಕೊಡುತ್ತಿದ್ದರು. ಆ "ಸದ್ಯಕ್ಕೆ" ಮೇಷ್ಟ್ರ ಎದೆಗೆ ನಾಟುತ್ತಿತ್ತು.

ಮೇಷ್ಟ್ರು ರಟ್ಟು ಕತ್ತರಿಸಿ, ಬಣ್ಣ ಬಳಿದು ಬ್ಯಾಡ್ಜು ಹಂಚಿದರು. ಫ್ಯಾನ್ ನಾಯಕ, ಕಿಟಕಿ ನಾಯಕಿ, ಸೀಮೆಸುಣ್ಣದ ನಾಯಕ. ಡಾಕ್ಟರ ಮಗಳು ಮೌನದ ನಾಯಕಿ. ಹುದ್ದೆ ಸಾಲದೆ, ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವನನ್ನು ವಿಶ್ರಾಂತಿ ನಾಯಕನನ್ನಾಗಿ ಮಾಡಿದರು. "ನಾಯಕ ಅಂದ್ರೆ ಯಾವಾಗ್ಲೂ ಮುಂದಿರ್ಬೇಕು," ಎಂದು ಪಾಠವನ್ನೂ ಹೇಳಿದರು.

"ಯಾರೂ ಮಾತಾಡ್ಬಾರ್ದು!" ಮೌನದ ನಾಯಕಿ ಗಂಟಲು ಹರಿಯುವಂತೆ ಕಿರುಚಿದಳು.

"ನೀನ್ಯಾರೇ ಹೇಳೋಕೆ? ನಾನೂ ಲೀಡರ್ರು," ಎಂದ ಫ್ಯಾನ್ ನಾಯಕ.

ಹೇಳಿದ್ದನ್ನು ಕೇಳುವವರು ಬೇಕಲ್ಲ! ನಾಯಕರೆಲ್ಲ ಅತ್ತಿತ್ತ ನೋಡಿದರು. ಇಡೀ ಕೋಣೆಯಲ್ಲಿ ಬ್ಯಾಡ್ಜಿಲ್ಲದ ಅಂಗಿ ಒಂದೇ ಒಂದು ಇತ್ತು. ಅದರೊಳಗೆ ಮೇಷ್ಟ್ರಿದ್ದರು.

"ಮೇಷ್ಟ್ರೇ, ಮಾತಾಡ್ಬೇಡಿ!"

"ಮೇಷ್ಟ್ರೇ, ಫ್ಯಾನ್ ಹಾಕಿ! ಆರಿಸಿ! ಹಾಕಿ!"

"ಮೇಷ್ಟ್ರೇ, ಮಲಗಿ," ಎಂದು ಆಕಳಿಸಿತು ಕೊನೆಯ ಬೆಂಚು.

ಮೇಷ್ಟ್ರು ಹೇಗೋ ತಪ್ಪಿಸಿಕೊಂಡು ಓಡಿ ಪಿ.ಟಿ. ಮೇಷ್ಟ್ರ ಮುಂದೆ ಗೋಳು ಹೇಳಿಕೊಂಡರು. ಅವರು ಸೀಟಿ ಒರೆಸುತ್ತ, "ಕೇಳ್ಬಿಡಿ ಮಾರಾಯ್ರೇ," ಎಂದರು. "ನೀವು ಕೇಳ್ದಿದ್ರೆ ಆ ಮಕ್ಕಳ ನಾಯಕತ್ವ ಅಲ್ಲೇ ಮುರುಟಿಹೋಗುತ್ತೆ. ಜೊತೆಗೆ ನಿಮ್ಮ ಕೆಲಸಾನೂ."

ಮೇಷ್ಟ್ರು ವಾಪಸು ಹೋಗಿ ಸಂಜೆಯವರೆಗೂ ಮೌನವಾಗಿ ಫ್ಯಾನ್ ಹಾಕಿದರು, ಆರಿಸಿದರು, ನಡುನಡುವೆ ಮಲಗಿ ಎದ್ದರು.

ಮನೆಗೆ ಹೋಗುವ ಬೆಲ್ಲು ಹೊಡೆಯಿತು. ನಾಯಕರೆಲ್ಲ ಮುಂದಿರಬೇಕೆಂದು ಒಟ್ಟಿಗೇ ನುಗ್ಗಿ, ದಿಂಬಿಗೆ ತುರುಕಿದ ಹತ್ತಿಯಂತೆ ಬಾಗಿಲಲ್ಲಿ ಸಿಕ್ಕಿಕೊಂಡರು. ಒಬ್ಬರೂ ಹಿಂದೆ ಸರಿಯಲಿಲ್ಲ.

"ಮೇಷ್ಟ್ರೇ, ಕಿಟಕಿಯಿಂದ ಇಳಿದು ಆ ಕಡೆಯಿಂದ ಎಳೀರಿ!" ಕಿಟಕಿ ನಾಯಕಿ ಅಪ್ಪಣೆ ಕೊಡಿಸಿದಳು.

ಮೇಷ್ಟ್ರು ಒಂದು ಕಾಲು ಆಚೆ ಹಾಕಿದರು. ಚಿಲಕಕ್ಕೆ ಸಿಕ್ಕಿ ಪ್ಯಾಂಟು ಹಿಂದೆ ಪರ್ರೆಂದು ಹರಿಯಿತು. ತಲೆಯೆತ್ತಿದರೆ ಎದುರಿಗೇ ಹೆಡ್ ಮಿಸ್ಸು, ಪಕ್ಕದಲ್ಲಿ ದೊಡ್ಡ ಸಾಹೇಬರು! ಕೆಲಸ ಕೈಬಿಟ್ಟಿತೆಂದು ಮೇಷ್ಟ್ರ ಜೀವ ಬಾಯಿಗೆ ಬಂತು.

"ಇಲ್ಲಿ ನಾಯಕರು ಯಾರು?" ಸಾಹೇಬರು ಕೇಳಿದರು. ಬಾಗಿಲಿನಿಂದ ಕೈಗಳ ಕಾಡೇ ಮೇಲೆದ್ದಿತು.

"ಮತ್ತೆ ನೀವು?"

"ಅವರು ಹೇಳಿದ್ದು ಮಾಡೋನು ಸಾರ್. ಎಲ್ರೂ ಹೇಳಿದ್ದು. ಒಟ್ಟಿಗೇ."

ಸಾಹೇಬರ ಕಣ್ಣಲ್ಲಿ ನೀರಾಡಿತು. "ನಾಯಕರು ಎಲ್ಲಿ ಬೇಕಾದ್ರೂ ಸಿಗ್ತಾರೆ ರೀ. ನಿಮ್ಮಂಥೋರನ್ನ ಹುಡುಕಿ ಹುಡುಕಿ ಸಾಕಾಗಿತ್ತು. ಇವತ್ತಿಂದ್ಲೇ ನೀವು ಕಾಯಂ! ಆದ್ರೆ ಇಲ್ಲಲ್ಲ, ನನ್ನ ಆಫೀಸಲ್ಲಿ. ಕಾರು ಹತ್ತಿ."

ಮೇಷ್ಟ್ರು ಕಾರಿನಿಂದಲೇ ಅತ್ತೆಗೆ ಫೋನು ಮಾಡಿದರು. "ನಮ್ಮ ಅಳಿಯ!" ಎಂದು ಅತ್ತೆ ಪಕ್ಕದ ಮನೆಗೆ ಕೂಗಿ ಹೇಳಿದ್ದು ಕೇಳಿಸಿತು. ಈ ಸಲ "ಸದ್ಯಕ್ಕೆ" ಇರಲಿಲ್ಲ. ಮೇಷ್ಟ್ರಿಗೆ ಅಳುವೇ ಬಂತು. ಅತ್ತ ಶಾಲೆಯ ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಮಕ್ಕಳು, ಹೆಡ್ ಮಿಸ್ ಕೂಡ ಬ್ಯಾಡ್ಜು ಹಾಕಿಲ್ಲವೆಂಬುದನ್ನು ಆಗತಾನೇ ಗಮನಿಸುತ್ತಿದ್ದರು.

ಆಫೀಸು ಬಂತು. ಸಾಹೇಬರು ಮೊದಲು ಇಳಿದರು. ಅವರ ಪ್ಯಾಂಟೂ ಹಿಂದೆ ಅದೇ ಜಾಗದಲ್ಲಿ ಹರಿದಿತ್ತು.

ಆಫೀಸಿನ ಬಾಗಿಲಲ್ಲಿ ಕೋಟು ಹಾಕಿದ ಅಧಿಕಾರಿಗಳು ಹೆಗಲಿಗೆ ಹೆಗಲು ಕೊಟ್ಟು ಸಿಕ್ಕಿಕೊಂಡಿದ್ದರು. "ಸೀನಿಯರ್ ನಾನು! ನಾನು ಮೊದಲು!" ಎಂದು ಎಲ್ಲರೂ ಒಟ್ಟಿಗೇ ಗುಡುಗುತ್ತಿದ್ದರು.

"ಊಟದ ಹೊತ್ತಿಂದ ಹೀಗೇ ಇದಾರೆ," ಎಂದು ಸಾಹೇಬರು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು. "ಕಿಟಕಿ ಆ ಕಡೆ ಇದೆ. ಚಿಲಕದ ಹತ್ರ ಹುಷಾರು."