ಶಾಸಕಿಯ ವಾರಗಿತ್ತಿ

ನನ್ನ ವಾರಗಿತ್ತಿಗೆ ಸೀರೆಯ ನೆರಿಗೆ ಹಿಡಿಯಲು ಇವತ್ತಿಗೂ ಬರುವುದಿಲ್ಲ. ಅವಳು ಮಾಡಿದ ಮುದ್ದೆ ತಟ್ಟೆಯಲ್ಲಿ ನಿಲ್ಲುವುದಿಲ್ಲ. ಇಂಥವಳು ಶಾಸಕಿಯಾದಳು. ಹಾಸನದಲ್ಲಿ ಓದಿ ಬಿ.ಎ. ಮಾಡಿದ ನಾನು ಶಾಸಕಿಯ ವಾರಗಿತ್ತಿಯಾದೆ. ನನಗೆ ಹೊಟ್ಟೆಕಿಚ್ಚಿಲ್ಲ ಎಂದು ದಿನಕ್ಕೆ ಮೂರು ಸಲ ಹೇಳುತ್ತೇನೆ. ನಮ್ಮ ಮನೆಯವರು ಮೂರು ಸಲವೂ ನಗುತ್ತಾರೆ.

ಇದೆಲ್ಲ ಶುರುವಾದದ್ದು ನಮ್ಮ ಅಡುಗೆಮನೆಯಲ್ಲಿ. ಹೊಳೆನರಸೀಪುರದ ಹತ್ತಿರದ ನಮ್ಮೂರಿನ ಪಂಚಾಯಿತಿ ಸೀಟು ಒಮ್ಮೆ ಮಹಿಳೆಯರಿಗೆ ಮೀಸಲಾಯಿತು. ನಮ್ಮ ಮಾವನವರು ತೀರ್ಮಾನ ಹೇಳಿಯೇಬಿಟ್ಟರು: "ದೊಡ್ಸೊಸೆ ನಿಂತ್ಕಳ್ಳಿ. ಓದಿರೋಳು, ಯೋಳಿದ್ ಕಡೆ ಸೈನ್ ಆಕ್ತಾಳೆ."

ಆ ಮಾತಿನಲ್ಲಿ ಹೊಗಳಿಕೆ ಎಷ್ಟು, ಅವಮಾನ ಎಷ್ಟು ಎಂದು ಅಂದು ನನಗೆ ಹೊಳೆಯಲಿಲ್ಲ. ಗೆದ್ದ ದಿನ ಉಡಬೇಕೆಂದು ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿಸಿಟ್ಟೆ. ಅರ್ಜಿ ಹಾಕುವ ಕೊನೆಯ ದಿನ ಮಧ್ಯಾಹ್ನ, ಅರಕಲಗೂಡು ಕಡೆಯಿಂದ ಬಂದ ಈ ಚಿಕ್ಕಸೊಸೆ ಸೊಪ್ಪು ಬಿಡಿಸುತ್ತಲೇ ಹೇಳಿದಳು:

"ಮಾವ, ನಾನೂ ಅರ್ಜಿ ಆಕ್ಬಂದೆ."

"ಯಾರ್ ಮ್ಯಾಲೆ?"

"ಅಕ್ಕನ್ ಮ್ಯಾಲೆ." ನನ್ನತ್ತ ತಿರುಗಿ ಸಮಾಧಾನ ಬೇರೆ! "ಬೇಜಾರ್ ಮಾಡ್ಕಬ್ಯಾಡ ಕಣಕ್ಕ. ನೀನು ಒಳ್ಳೇಳು. ಆದ್ರೆ ಮಾವ ಯೋಳ್ದಂಗೇ ಕೇಳ್ತೀಯ."

ಹದಿನೈದು ದಿನ ಒಂದೇ ಒಲೆಯ ಮುಂದೆ ನಿಂತು ಇಬ್ಬರೂ ಅಡುಗೆ ಮಾಡಿದೆವು. ಅಡುಗೆ ಮುಗಿದ ಮೇಲೆ ಓಟು ಕೇಳಲು ಅವಳು ಒಂದು ಬೀದಿಗೆ, ನಾನು ಇನ್ನೊಂದು ಬೀದಿಗೆ. ನಾನು ಅಂಗಳದಲ್ಲೇ ನಿಂತು ಕೈ ಮುಗಿಯುತ್ತಿದ್ದೆ. ಅವಳು ಒಳಗೆ ಹೋಗಿ, ಕೂತು, ಕೊಟ್ಟದ್ದನ್ನು ಉಂಡು ಬರುತ್ತಿದ್ದಳು. ನಮ್ಮ ಮನೆಯವರು ಯಾರೂ ಕಾಲಿಡದಿದ್ದ ಕೇರಿಗಳಲ್ಲೂ ಹಾಗೆಯೇ. ಗೆದ್ದಳು. ಮನೆಯ ಓಟೂ ನನಗೆ ಪೂರ್ತಿ ಬಿದ್ದಿರಲಿಲ್ಲ. ಅತ್ತೆಯವರನ್ನು ಕೇಳಿದೆ.

"ಅವ್ಳಿಗೇ ಆಕ್ದೆ ಕಣವ್ವ. ಗೆದ್ರೆ ಮನೇಲಿರಕಿಲ್ಲ ಅಂತ," ಎಂದರು.

ಅತ್ತೆಯವರ ಲೆಕ್ಕ ಸರಿಯಾಗಿತ್ತು. ಅವಳು ಆಮೇಲೆ ಮನೆಯಲ್ಲಿ ಇದ್ದದ್ದೇ ಕಡಿಮೆ. ನುಗ್ಗೇಹಳ್ಳಿ ಕಡೆಯ ಒಂದೂರಿನ ಹೋಟೆಲಿನಲ್ಲಿ ಕೆಲವರಿಗೆ ಒಳಗೆ ಗಾಜಿನ ಲೋಟ, ಕೆಲವರಿಗೆ ಹೊರಜಗಲಿಯಲ್ಲಿ ಪ್ಲಾಸ್ಟಿಕ್ ಕಪ್ಪು ಎಂದು ಯಾರೋ ಹೇಳಿದರು. ಬೇರೆಯವರಾಗಿದ್ದರೆ ಭಾಷಣ ಮಾಡುತ್ತಿದ್ದರು. ಇವಳು ಹೋಗಿ ಜಗಲಿಯಲ್ಲಿ ಕೂತು ಪ್ಲಾಸ್ಟಿಕ್ ಕಪ್ಪಿನಲ್ಲಿ ಟೀ ಕುಡಿದಳು. "ಇನ್ನೊಂದು ಕೊಡಪ್ಪ" ಎಂದಳು. ಮತ್ತೊಂದು. ಊರೆಲ್ಲ ಬಂದು ಸುತ್ತ ನಿಂತಿತು. ಎಂಟನೆಯ ಟೀಗೆ ಹೋಟೆಲಿನವನು, "ಒಳೀಕ್ ಬನ್ನಿ ಅವ್ವಾ, ಎಲ್ಲಾರ್ನೂ ಕರ್ಕಂಡೇ ಬನ್ನಿ" ಎಂದನಂತೆ. ಅಷ್ಟು ಟೀ ಕುಡಿದವಳಿಗೆ ಎರಡು ದಿನ ನಿದ್ದೆ ಬರಲಿಲ್ಲ. ಎಚ್ಚರವಾಗಿದ್ದಷ್ಟು ಹೊತ್ತೂ ನಮಗೆ ಸಂವಿಧಾನ ಓದಿ ಹೇಳಿದಳು.

ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ನೆರಿಗೆ ಕೆಟ್ಟಿತ್ತು. ಅದನ್ನು ನಾನು ನಾಲ್ಕು ಜನಕ್ಕೆ ತೋರಿಸಿದೆ. ಒಬ್ಬರೂ ನೆರಿಗೆ ನೋಡಲಿಲ್ಲ.

ಆ ಹೆಸರಿನ ಮೇಲೆಯೇ ಮುಂದೆ ವಿಧಾನಸಭೆಗೂ ನಿಂತು ಗೆದ್ದಳು. ಶಾಸಕಿಯಾದ ಮೇಲೂ ಓಡಾಟವೆಲ್ಲ ಬಸ್ಸಿನಲ್ಲೇ. ಉದ್ಘಾಟನೆಗೆ ಕರೆದರೆ ಕತ್ತರಿ ಮುಟ್ಟುತ್ತಿರಲಿಲ್ಲ. ಟೇಪಿನ ಗಂಟು ಬಿಚ್ಚಿ, ಮಡಿಸಿ, ಚೀಲಕ್ಕೆ ಹಾಕಿಕೊಂಡು "ಅಂಗನವಾಡಿ ಮಕ್ಳ್ ಜಡೆಗಾಯ್ತದೆ" ಎನ್ನುತ್ತಿದ್ದಳು. ಇದಕ್ಕೂ ಚಪ್ಪಾಳೆ. ನಾನು ಇಪ್ಪತ್ತು ವರ್ಷದಿಂದ ಹಳೆಯ ಸೀರೆಯಲ್ಲಿ ಕೈವಸ್ತ್ರ ಹೊಲಿಯುತ್ತಿದ್ದೇನೆ, ಯಾರಾದರೂ ಚಪ್ಪಾಳೆ ತಟ್ಟಿದ್ದಾರೆಯೇ?

ವಿಧಾನಸಭೆಗೆ ಎರಡನೆಯ ಸಲ ನಿಂತಾಗ ಸೋತಳು. ಸುಳ್ಳೇಕೆ ಹೇಳಲಿ, ಆ ದಿನ ನಾನು ಶಾವಿಗೆ ಪಾಯಸ ಮಾಡಿದೆ. ದ್ರಾಕ್ಷಿ ಕೊಂಚ ಹೆಚ್ಚೇ ಬಿತ್ತು. ಹಾಸನದಲ್ಲಿ ಮತ ಎಣಿಕೆ ಮುಗಿಸಿಕೊಂಡು ಬಂದವಳು ಎರಡು ಬಟ್ಟಲು ತಿಂದಳು.

"ಏನ್ ವಿಶೇಷ ಅಕ್ಕ?"

"ಹಾಲು ಉಳಿದಿತ್ತು," ಎಂದೆ.

ಮಾರನೆಯ ಬೆಳಿಗ್ಗೆ ನೋಡಿದರೆ ಚೀಲ ಹೆಗಲಿಗೇರಿಸಿ ಹೊರಟಿದ್ದಾಳೆ. ಚನ್ನರಾಯಪಟ್ಟಣದ ಹತ್ತಿರ ತೆಂಗಿನ ನಾರು ಬಿಡಿಸುವ ಹೆಂಗಸರು ಕೆಲಸದ ಜಾಗದಲ್ಲಿ ಒಂದು ಕಕ್ಕಸು ಕಟ್ಟಿಸಿಕೊಡಿ ಎಂದು ಧರಣಿ ಕೂತಿದ್ದರು.

"ನೀನೀಗ ಶಾಸಕಿಯಲ್ಲವಲ್ಲ," ಎಂದೆ. ಬಾಯಿಗೆ ಹಿತವಾಗಿತ್ತು.

"ಅವ್ರಿಗಿನ್ನೂ ಕಕ್ಕಸಾಗಿಲ್ವಲ್ಲಕ್ಕ."

ಸೋತವಳನ್ನು ಜನ ಹೇಗೆ ನೋಡುತ್ತಾರೋ ಕಣ್ಣಾರೆ ಕಾಣಬೇಕೆನಿಸಿ ನಾನೂ ಹೊರಟೆ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಊರು ದಾಟುವವರೆಗೂ ಸಿಕ್ಕವರಿಗೆಲ್ಲ ಕೈ ಮುಗಿದು ನಗುತ್ತಿದ್ದಳು. ಆಮೇಲೆ ಪರಿಚಯದವರು ಯಾರೂ ಉಳಿಯಲಿಲ್ಲ. ಮುಖ ಇಳಿಯಿತು.

"ಅಕ್ಕ," ಎಂದಳು ಮೆಲ್ಲಗೆ, "ಸೋತೋದ್ನಲ್ಲ. ಭಾಳ ನೋಯ್ತದೆ ಕಣಕ್ಕ. ಯಾರ್ಗೂ ಯೋಳ್ಬ್ಯಾಡ."

"ಮಲಕ್ಕೋ. ಪಟ್ಟಣ ಬಂದಾಗ ಎಬ್ಬಿಸ್ತೀನಿ," ಎಂದೆ. ಅವಳು ನನ್ನ ಹೆಗಲಿಗೆ ತಲೆ ಕೊಟ್ಟಳು. ಬೈತಲೆಯ ಎರಡೂ ಕಡೆ ಬೆಳ್ಳಗಾಗಿತ್ತು. ನನಗಿಂತ ಆರು ವರ್ಷ ಚಿಕ್ಕವಳು.

ಚನ್ನರಾಯಪಟ್ಟಣ ಬಂತು. ಎಲ್ಲರೂ ಇಳಿದರು. ಕಂಡಕ್ಟರು ನಮ್ಮ ಸೀಟಿನ ಹತ್ತಿರ ಬಂದು, "ಇಳೀರಮ್ಮಾ" ಎಂದ.

ನಾನು ತುಟಿಯ ಮೇಲೆ ಬೆರಳಿಟ್ಟು, ಇನ್ನೆರಡು ನಿಮಿಷ ಎಂದು ಕೈಸನ್ನೆ ಮಾಡಿದೆ.