ಗ್ರಾಮಸೇವಿಕೆ ಅಕ್ಕನೂ ನಾನು ತಿರುಗಿಸಿದ ಮಾತೂ

ಮನೆಗೆ ಬಂದರೆ ಬಾಗಿಲು ಹಾಕ್ತಾರೆ, ಬಾರದಿದ್ದರೆ ಬೈತಾರೆ, ಸಾವಾದರೆ ಮೊದಲು ಅದನ್ನೇ ಹುಡುಕ್ತಾರೆ. ಏನದು? ನಿಮಗೆ ಸಿಕ್ಕಲಿಕ್ಕಿಲ್ಲ. ನಮ್ಮ ಗ್ರಾಮಸೇವಿಕೆ ಅಕ್ಕ! ಬ್ಲಾಕ್ ಆಫೀಸಿನವರು ಅವರನ್ನು ಧಾರವಾಡದ ಕಡೆಯಿಂದ ಇಲ್ಲಿಗೆ ಹಾಕಿದ್ದರು. ತುಳು ಬಾರದು. ಎಂಟನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದು ತಿರುಗುತ್ತಿದ್ದ ನನ್ನನ್ನು ತುಳು ಮಾತು ಕನ್ನಡಕ್ಕೆ ತಿರುಗಿಸಲಿಕ್ಕೆ ಇಟ್ಟುಕೊಂಡರು. ನಾನೂ ಬೇಕಾದ ಹಾಗೆ ತಿರುಗಿಸಿದೆ. ಹಾಗಾಗಿ ಏನೂ ಆಗದೆ ಹೋದ ದಿನ ಅಂತ ಒಂದಿಲ್ಲ.

೧. ಶಾಭಾಸ್

ಬೆಳ್ತಂಗಡಿ ಕಡೆಯ ಒಂದು ಮನೆಯಲ್ಲಿ ಮಗುವಿಗೆ ವಾಂತಿಭೇದಿ. ಕುದಿಸಿ ಆರಿಸಿದ ನೀರು ಕುಡಿಸು ಅಂದಿದ್ದರು ಅಕ್ಕ. ಮರುದಿನ ಹೋದರೆ ತಾಯಿ ಹಾಗೆಯೇ ಮಾಡಿದ್ದಳು. ಅಕ್ಕನಿಗೆ ಖುಷಿಯೋ ಖುಷಿ. ಮಗುವಿನ ಕೆನ್ನೆ ತಟ್ಟಿ, "ಸೈ! ಸೈ!" ಅಂದರು.

ಅವರ ಊರಿನಲ್ಲಿ ಸೈ ಅಂದರೆ ಶಾಭಾಸ್. ತುಳುವಿನಲ್ಲಿ ಸೈ ಅಂದರೆ ಸಾಯಿ. ತಾಯಿ ಸೌಟು ಹಿಡಿದು ಎದ್ದಳು. ನಾನು ನಡುವೆ ನುಗ್ಗಿ, "ಅದು ಬೈಗುಳ ಅಲ್ಲ ಮಾರಾಯ್ತಿ, ಅವರಲ್ಲಿ ಒಳ್ಳೆಯದಕ್ಕೆ ಹಾಗೆ ಹೇಳುವುದು" ಅಂದೆ.

ಅವಳು ಸೌಟು ಇಳಿಸದೆ ಕೇಳಿದಳು: "ಹಾಗಾದರೆ ಅವರಲ್ಲಿ ಯಾರಾದರೂ ಸತ್ತರೆ ಏನು ಹೇಳ್ತಾರೆ? ಲಾಯ್ಕ್ ಆಯಿತು ಅಂತಲಾ?"

೨. ನಗುವ ತರಬೇತಿ

ಆ ಮಗು ಉಳಿಯಲಿಲ್ಲ. ಅಕ್ಕ ಸರಿಯಾಗಿ ಊಟ ಮಾಡುವುದನ್ನು ಬಿಟ್ಟರು. ಅಷ್ಟರಲ್ಲಿ ಸೇವಿಕೆಯರ ಮನಸ್ಸು ಗಟ್ಟಿ ಮಾಡಲಿಕ್ಕೆ ಮೂಡುಬಿದಿರೆಯಲ್ಲಿ ಶಿಬಿರ. ಅಕ್ಕನ ಚೀಲ ಹೊತ್ತು ನಾನೂ ಹೋದೆ. ಮೇಲಿನಿಂದ ಬಂದ ಸಾಹೇಬರು, "ದುಃಖ ಬಂದಾಗ ಜೋರಾಗಿ ನಗಬೇಕು. ಎಲ್ಲಿ, ನಗಿ!" ಅಂದರು.

ಎಲ್ಲರೂ ಹಲ್ಲು ತೋರಿಸಿ ಸುಮ್ಮನಾದರು. ಅಕ್ಕನ ನಗು ಮಾತ್ರ ನಿಲ್ಲಲಿಲ್ಲ. ನಕ್ಕು ನಕ್ಕು ಬೆಂಚಿನ ಮೇಲೆ ಬಿದ್ದರು, ಕಣ್ಣು ಮೂಗು ಎಲ್ಲ ಸುರಿಯಿತು, ಆಮೇಲೆ ದನಿ ನಗುವಿನದ್ದಾಗಿ ಉಳಿಯಲಿಲ್ಲ. ನನಗೆ ಹೆದರಿಕೆಯಾಯಿತು.

ಸಾಹೇಬರು ಚಪ್ಪಾಳೆ ತಟ್ಟಿದರು. "ನೋಡಿ, ಇವರು ಪಾಸ್!"

೩. ಬಂಟ್ವಾಳದ ಬಸ್ಸು

ಪಾಸಾದ ಅಕ್ಕ ಕೆಲಸ ಬಿಟ್ಟರು. ಅವರು ಹೋದರೆ ನಮ್ಮ ಕಡೆಗೆ ಬೇರೆ ಯಾರೂ ಬರುವವರಿಲ್ಲ. "ನಿಮಗೆ ಊರಲ್ಲಿ ಇಷ್ಟು ಒಳ್ಳೆಯ ಜಗಳ ಸಿಗ್ತದಾ ಅಕ್ಕ?" ಅಂದೆ. ನಗಲಿಲ್ಲ. ಟ್ರಂಕು ಬಸ್ಸಿನ ಮೇಲೆ ಏರಿತು, ಅಕ್ಕ ಕಿಟಕಿಯ ಹತ್ತಿರ ಕೂತರು.

ಆಗ ಬಂದಳು ಆ ಮಗುವಿನ ತಾಯಿ. ಕಿಟಕಿಯ ಸರಳು ಹಿಡಿದು ತುಳುವಿನಲ್ಲಿ ಕಿರುಚಿದಳು: "ನನ್ನ ಮಗುವನ್ನು ತಿಂದು ಈಗ ಓಡಿ ಹೋಗ್ತೀಯಾ?"

"ಏನಂತಾಳೋ ಆಕಿ?" ಅಕ್ಕ ಕೇಳಿದರು.

"ನೀವು ಹೋಗಬಾರದಂತೆ ಅಕ್ಕ. ನೀವಿಲ್ಲದೆ ಆಗುವುದಿಲ್ಲವಂತೆ."

ಅಕ್ಕ ದಡಬಡ ಇಳಿದು ಬಂದು ಅವಳನ್ನು ತಬ್ಬಿಕೊಂಡರು. ಹೊಡೆಯಲಿಕ್ಕೆ ಎತ್ತಿದ ಕೈ ಎಲ್ಲಿ ಇಡುವುದು ಅಂತ ಗೊತ್ತಾಗದೆ ಅವಳು ಅಕ್ಕನ ಬೆನ್ನ ಮೇಲೆಯೇ ಇಟ್ಟಳು. ಇಬ್ಬರೂ ಅತ್ತರು. ಕಂಡಕ್ಟರ್ ಬೈಯುತ್ತಾ ಟ್ರಂಕು ಇಳಿಸಿದ.

ಅಕ್ಕ ಇಳಿದದ್ದು, ತಬ್ಬಿದ್ದು, ಟ್ರಂಕು ಇಳಿಸಿದ್ದು, ಇಷ್ಟೂ ನಾನು ಕಟ್ಟಿದ ಕತೆ. ಆದದ್ದು ಇಷ್ಟೇ: ನನ್ನ ಸುಳ್ಳು ಕೇಳಿ ಅಕ್ಕ, ಶಿಬಿರದ ನಂತರ ಮೊದಲ ಸಲ, ಸ್ವಲ್ಪ ನಕ್ಕರು. "ಇಷ್ಟು ದಿನ ನಿನ್ನ ಸಂಗಡ ತಿರುಗೀನಿ. ತುಳು ನನಗೂ ತಿಳೀತದೋ, ಹುಚ್ಚಪ್ಪ" ಅಂದರು. ಬಸ್ಸು ಹೋಯಿತು.